ಜಿನ್ ರಮ್ಮಿ: ಇಬ್ಬರ ಲೆಕ್ಕವೂ ಸಮ ಬಂದ್ರೆ ಪಾಯಿಂಟ್ ಯಾರಿಗೆ? ಬೋನಸ್ 10 ಇಡಬೇಕಾ, 25 ಇಡಬೇಕಾ?

ಕುವೆಂಪುನಗರದ ಮಗಳು:

ಎಲ್ಲರಿಗೂ ನಮಸ್ಕಾರ. ರಾತ್ರಿ ಊಟ ಆದ್ಮೇಲೆ ನಾನೂ ನಮ್ಮಪ್ಪನೂ ಜಿನ್ ರಮ್ಮಿ ಆಡ್ತೀವಿ. ಮನೇಲಿರೋದು ಇಬ್ಬರೇ, ಹದಿಮೂರೆಲೆ ರಮ್ಮಿಗೆ ಜನ ಸಾಲಲ್ಲ. ಪಕ್ಕದ ಮನೆ ಹುಡುಗ ರಜಕ್ಕೆ ಊರಿಗೆ ಬಂದಿದ್ದಾಗ ಈ ಆಟ ಹೇಳಿಕೊಟ್ಟು ಹೋದ. ಆಡೋದು ಬಂತು, ಲೆಕ್ಕ ಮಾತ್ರ ಅರ್ಧಂಬರ್ಧ. ದುಡ್ಡು ಕಟ್ಟಿ ಆಡಲ್ಲ. ಸೋತವರು ಬೆಳಿಗ್ಗೆ ಎದ್ದು ನಂದಿನಿ ಹಾಲು ತರಬೇಕು, ಅಷ್ಟೇ. ಆದ್ರೆ ಅಪ್ಪ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು. ಹಾಗಾಗಿ ಗೊತ್ತಿರೋರು ಸರಿಯಾಗಿ ಹೇಳಿ.

ನಿನ್ನೆ ಏನಾಯ್ತು ಅಂದ್ರೆ, ಅಪ್ಪ ನಾಕ್ ಮಾಡಿದ್ರು, ಅಂದ್ರೆ ಕೂಡದೆ ಉಳಿದ ಬಿಡಿ ಎಲೆಗಳ ಮೊತ್ತ ಹತ್ತರೊಳಗೆ ಇಳಿದಿದೆ ಅಂತ ಆಟ ನಿಲ್ಲಿಸಿ ಎಲೆ ಹರಡಿದ್ರು. ಅವರ ಕೈಯಲ್ಲಿ ಇಸ್ಪೇಟಿನ 7, 8, 9, 10 ಇತ್ತು. ಮೂರು ರಾಜ ಇತ್ತು: ಇಸ್ಪೇಟ್, ಹಾರ್ಟ್, ಕ್ಲಾವರ್. ಉಳಿದ ಬಿಡಿ ಎಲೆ ಕ್ಲಾವರ್ 4, ಹಾರ್ಟ್ 2, ಡೈಮಂಡ್ ಎಕ್ಕ. ಎಕ್ಕಕ್ಕೆ 1 ಅಂತ ಹಿಡಿದು ಒಟ್ಟು 7. ನನ್ನ ಹತ್ರ ಹಾರ್ಟಿನ 3, 4, 5 ಮತ್ತು ಮೂರು ರಾಣಿ ಕೂಡಿತ್ತು. ಬಿಡಿಯಾಗಿ ಉಳಿದಿದ್ದು ಡೈಮಂಡ್ ರಾಜ, ಇಸ್ಪೇಟ್ ಗುಲಾಮ, ಕ್ಲಾವರ್ 5, ಡೈಮಂಡ್ 2. ರಾಜ, ಗುಲಾಮಕ್ಕೆ ತಲಾ 10, ಒಟ್ಟು 27. ಅಪ್ಪ ಪೆನ್ನು ತಗೊಂಡು 20 ಅಂತ ಅವರ ಕಡೆ ಬರ್ಕೊಂಡೇಬಿಟ್ರು.

ನಾನು ಬಿಡಲಿಲ್ಲ. ರಾಜನ್ನ ಅವರ ಮೂರು ರಾಜಂದಿರ ಪಕ್ಕ ಇಟ್ಟೆ, ಗುಲಾಮನ್ನ ಅವರ ಇಸ್ಪೇಟ್ ಸಾಲಿನ ತುದಿಗೆ ಇಟ್ಟೆ. ಈಗ ನನ್ನದೂ 7. ಅಪ್ಪ ಹೇಳ್ತಾರೆ, "ನನ್ನ ಎಲೆಗೆ ನಿನ್ನ ಎಲೆ ಅಂಟಿಸೋಕೆ ನಿನಗೇನು ಹಕ್ಕು? ಅಂಟಿಸಿದ್ರೂ ಸಮ ಆಯ್ತು, ಸಮ ಆದ್ರೆ ನಾಕ್ ಮಾಡಿದವನದೇ ಗೆಲುವು." ಆ ಹುಡುಗ ಅಂಟಿಸಬಹುದು ಅಂತ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಸಮ ಆದ್ರೆ ಏನು ಅನ್ನೋದು ಮಾತ್ರ ಗೊತ್ತಿಲ್ಲ. ಇನ್ನೊಂದು, ಬೋನಸ್ ಒಂದು ಕಡೆ 10 ಅಂತಿದೆ, ಇನ್ನೊಂದು ಕಡೆ 25. ಯಾವುದು ಇಟ್ಕೊಳ್ಳೋದು? ಎಕ್ಕ 1 ಪಾಯಿಂಟೋ 10 ಪಾಯಿಂಟೋ ಅನ್ನೋದಕ್ಕೂ ಮನೇಲಿ ವಾದ ನಡೀತಿದೆ.

ಸರಸ್ವತಿಪುರಂ ನಿವೃತ್ತೆ:

ಮಗಳೇ, ಆ ಕೈ ನಿನ್ನದು. 20 ಅಂತ ಅಪ್ಪ ಬರೆದದ್ದನ್ನ ಹೊಡೆದು ಹಾಕು.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಲೆಕ್ಕಪತ್ರದ ವಿಭಾಗದಲ್ಲೇ ಇದ್ದವಳು. ಈಗ ಮಧ್ಯಾಹ್ನ ನಮ್ಮ ಯಜಮಾನರ ಜೊತೆ ಇದೇ ಆಟ ಆಡ್ತೀನಿ. ನಮ್ಮ ಮನೇಲಿ ಉದ್ದದ ಲೆಡ್ಜರ್ ಪುಸ್ತಕದಲ್ಲೇ ಸ್ಕೋರ್ ಬರೆಯೋದು. ಈ ಆಟದ ಲೆಕ್ಕ ನನಗೆ ಆಟದಷ್ಟೇ ಇಷ್ಟ. ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಅಂಟಿಸೋದು ನಿನ್ನ ಹಕ್ಕು. ಒಬ್ಬರು ನಾಕ್ ಮಾಡಿ ಎಲೆ ಹರಡಿದ ಮೇಲೆ, ಎದುರಿನವರು ಮೊದಲು ತಮ್ಮ ಸೆಟ್ಟು, ಸಾಲು ಜೋಡಿಸಿ ತೋರಿಸಬೇಕು. ಆಮೇಲೆ ಉಳಿದ ಬಿಡಿ ಎಲೆಗಳಲ್ಲಿ ನಾಕ್ ಮಾಡಿದವರ ಸೆಟ್ಟಿಗೋ ಸಾಲಿಗೋ ಸೇರುವಂಥದ್ದು ಇದ್ರೆ ಸೇರಿಸಬಹುದು. ನಾಕ್ ಮಾಡಿದವರಿಗೆ ಮಾತ್ರ ಎದುರಿನವರ ಎಲೆಗೆ ಅಂಟಿಸೋ ಹಕ್ಕಿಲ್ಲ. ಮತ್ತೆ, ಅವರ ಬಿಡಿ ಎಲೆಗೆ ಅಂಟಿಸೋ ಹಾಗಿಲ್ಲ. ಅಪ್ಪನ ಹತ್ರ ಬಿಡಿಯಾಗಿ 4 ಇದೆ, ನನ್ನ ಹತ್ರ ಎರಡು 4 ಇದೆ, ಸೇರಿಸಿ ಸೆಟ್ ಮಾಡ್ತೀನಿ ಅಂದ್ರೆ ನಡೆಯಲ್ಲ. ಅಪ್ಪ ಜಿನ್ ಮಾಡಿದ್ರೆ, ಅಂದ್ರೆ ಹತ್ತೂ ಎಲೆ ಕೂಡಿ ಬಿಡಿ ಎಲೆ ಒಂದೂ ಇಲ್ಲದಿದ್ರೆ, ಆಗ ನೀನು ಏನನ್ನೂ ಅಂಟಿಸೋ ಹಾಗಿಲ್ಲ. 27 ಪೂರ್ತಿ ಅವರಿಗೆ, ಮೇಲೆ ಜಿನ್ ಬೋನಸ್.

ಸಮ ಆದ್ರೆ ನಾಕ್ ಮಾಡಿದವರು ಸೋತ ಹಾಗೆ. ಎದುರಿನವರಿಗಿಂತ ಕಡಿಮೆ ಇದ್ದೀನಿ ಅಂತ ಹೇಳಿಯೇ ತಾನೇ ಅವರು ಆಟ ನಿಲ್ಲಿಸಿದ್ದು? ಕಡಿಮೆ ಇಲ್ಲ ಅಂದ್ಮೇಲೆ ಮಾತು ನಿಲ್ಲಲಿಲ್ಲ. ಇದಕ್ಕೆ ಅಂಡರ್‌ಕಟ್ ಅಂತಾರೆ. ನಿನಗೆ ವ್ಯತ್ಯಾಸ, ಅಂದ್ರೆ ಇಲ್ಲಿ ಸೊನ್ನೆ, ಅದರ ಮೇಲೆ ಬೋನಸ್. ನಿನ್ನ ಬಿಡಿ ಎಲೆ 4 ಮಾತ್ರ ಉಳಿದಿದ್ರೆ 3ರ ಜೊತೆಗೆ ಬೋನಸ್ ಬರ್ತಿತ್ತು.

ಈಗ ಬೋನಸ್ 10ಆ 25ಆ ಅನ್ನೋದು. ಎರಡೂ ಚಾಲ್ತಿಯಲ್ಲಿವೆ. ಹಳೇ ಕ್ರಮದಲ್ಲಿ ಜಿನ್‌ಗೆ 20, ಅಂಡರ್‌ಕಟ್‌ಗೆ 10. ಈಗ ಬಹಳ ಜನ ಎರಡಕ್ಕೂ 25 ಇಡ್ತಾರೆ. ಇದು ಬರೀ ಅಂಕಿಯ ವಿಷಯ ಅಂತ ತಳ್ಳಿಹಾಕಬೇಡಿ. ಬೋನಸ್ ಬದಲಾದ್ರೆ ಆಟವೇ ಬೇರೆ ಆಗುತ್ತೆ. ನಿಮ್ಮಪ್ಪನ ಕೈಯನ್ನೇ ತಗೋ. ನಾಕ್ ಫಲಿಸಿದ್ರೆ 20 ಸಿಗುತ್ತೆ, ಸಿಕ್ಕಿಬಿದ್ರೆ ಬೋನಸ್ ಹೋಗುತ್ತೆ. 20ರ ಆಸೆಗೆ 10 ಪಣ ಇಡೋದು ಬೇರೆ, 25 ಪಣ ಇಡೋದು ಬೇರೆ. ಬೋನಸ್ 10 ಇದ್ರೆ, ಇಂಥ ನಾಕ್ ಮೂರು ಸಲ ಮಾಡಿ ಎರಡು ಸಲ ಸಿಕ್ಕಿಬಿದ್ರೂ ನಷ್ಟ ಇಲ್ಲ: ಒಮ್ಮೆ 20 ಬಂತು, ಎರಡು ಸಲ 10 ಹೋಯ್ತು. ಬೋನಸ್ 25 ಆದ್ರೆ ಒಂಬತ್ತು ಸಲದಲ್ಲಿ ನಾಲ್ಕು ಸಲ ಸಿಕ್ಕಿಬಿದ್ರೇ ತಕ್ಕಡಿ ಸಮ: ಐದು ಇಪ್ಪತ್ತು ನೂರು, ನಾಲ್ಕು ಇಪ್ಪತ್ತೈದು ನೂರು. ಐದನೇ ಸಲ ಸಿಕ್ಕಿಬಿದ್ರೆ ನಷ್ಟ ಶುರು.

ಹಾಗಾಗಿ 10 ಇಟ್ಟ ಮನೇಲಿ ಬಿಡಿ ಎಲೆ ಹತ್ತಕ್ಕೆ ಇಳಿದ ತಕ್ಷಣ ನಾಕ್, ಇನ್ನೇನೂ ಯೋಚನೆ ಬೇಡ. 25 ಇಟ್ಟ ಮನೇಲಿ ಎದುರಿನವರು ಏನು ಎತ್ಕೊಂಡ್ರು, ಏನು ಬಿಟ್ರು, ಎಷ್ಟು ಸುತ್ತಾಯ್ತು, ಎಲ್ಲಾ ನೋಡಿಯೇ ನಾಕ್ ಮಾಡಬೇಕು. ಎರಡನೇದೇ ನನಗೆ ಇಷ್ಟ. ಇಬ್ಬರೂ ಎದುರಿನವರ ಕೈಯನ್ನ ಮನಸ್ಸಿನಲ್ಲೇ ಬರೀತಾ ಕೂರೋ ಆಟ ಅದು.

ಇನ್ನೊಂದು ಹೇಳಲೇಬೇಕು. ಆ ಡೈಮಂಡ್ ರಾಜನ್ನ ನೀನು ಬಿಡದೆ ಇಟ್ಕೊಂಡೆ ನೋಡು, ಅದು ಬಹಳ ಒಳ್ಳೇ ಆಟ. ಎದುರಿನವರು ಕೆಳಗೆ ಬಿದ್ದ ರಾಜನ್ನ ಎತ್ಕೊಂಡ್ರು ಅಂದ್ರೆ ಅವರ ಹತ್ರ ರಾಜಂದಿರ ಸೆಟ್ ಇರಬಹುದು. ಆಗ ನಿನ್ನ ಕೈಲಿರೋ ರಾಜ 10 ಪಾಯಿಂಟಿನ ಹೊರೆ ಅಲ್ಲ, ಕೊನೇಲಿ ಅಂಟಿಸೋಕೆ ಜಾಗ ಇರೋ ಎಲೆ.

ಎಕ್ಕಕ್ಕೆ 1 ಪಾಯಿಂಟ್. 10 ಅನ್ನೋದು ನಮ್ಮ ಹದಿಮೂರೆಲೆ ರಮ್ಮಿಯ ಲೆಕ್ಕ. ಜಿನ್‌ನಲ್ಲಿ ಎಕ್ಕ ಯಾವಾಗ್ಲೂ ಕೆಳಗಿನದೇ: ಎಕ್ಕ, 2, 3 ಸಾಲು ಆಗುತ್ತೆ; ರಾಣಿ, ರಾಜ, ಎಕ್ಕ ಆಗಲ್ಲ. ಜೋಕರ್ ಇಲ್ಲ. ಪ್ಯೂರ್ ಸೀಕ್ವೆನ್ಸ್, ಅಂದ್ರೆ ಜೋಕರ್ ಸೇರದ ಸಾಲು, ಇರಲೇಬೇಕು ಅನ್ನೋ ಕಟ್ಟಳೆಯೂ ಇಲ್ಲ, ಬರೀ ಸೆಟ್‌ಗಳಿಂದಲೇ ಮುಗಿಸಬಹುದು. ರಮ್ಮಿಯಲ್ಲಿ ಪಾಯಿಂಟ್ ಬಂದವನು ಸೋತ, ಇಲ್ಲಿ ಪಾಯಿಂಟ್ ಬಂದವನು ಗೆದ್ದ. ಹದಿಮೂರೆಲೆ ಆಡಿ ಪಳಗಿದವರಿಗೆ ಇದು ಕೈಗೆ ಹತ್ತೋಕೆ ಸ್ವಲ್ಪ ದಿನ ಬೇಕು. ಅಪ್ಪನಿಗೆ ಬೇಜಾರು ಮಾಡ್ಕೋಬೇಡಿ ಅಂತ ಹೇಳು.

ಮಂಡ್ಯ ಪ್ಯಾಸೆಂಜರ್:

ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ದಿನಾ ಮಂಡ್ಯದಿಂದ ಬೆಂಗ್ಳೂರಿಗೆ ಟ್ರೈನಲ್ಲಿ ಓಡಾಡೋನು. ನಮ್ ಬೋಗೀಲಿ ತೊಡೆ ಮೇಲೆ ಬ್ಯಾಗ್ ಮಡಿಕ್ಕಂಡು ಹದಿಮೂರೆಲೆ ಆಡೋರೇ ಜಾಸ್ತಿ. ನಾನೂ ನನ್ ಫ್ರೆಂಡೂ ಕಿಟಕಿ ಪಕ್ಕ ಎದುರುಬದುರು ಕೂತ್ಕಂಡು ಜಿನ್ ಆಡ್ತೀವಿ. ಮದ್ದೂರಲ್ಲಿ ವಡೆಯೋರು ಹತ್ತೋ ಹೊತ್ತಿಗೆ ಎರಡು ಕೈ ಆಗೋಗಿರ್ತದೆ.

ನಾವು ಆಡೋದು ಓಕ್ಲಹೋಮ ಅನ್ನೋ ಬಗೆ. ನೀವೂ ಒಂದ್ ಸಲ ಆಡಿ ನೋಡಿ. ಹಂಚಿದ ಮೇಲೆ ತಿರುಗಿಸಿ ಇಡ್ತೀವಲ್ಲ ಮೊದಲನೇ ಎಲೆ, ಆ ಕೈಗೆ ನಾಕ್ ಮಿತಿ ಎಷ್ಟು ಅಂತ ಅದೇ ಹೇಳ್ತದೆ. 6 ಬಿದ್ರೆ ಬಿಡಿ ಎಲೆ 6 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಮಾತ್ರ ನಾಕ್. 2 ಬಿದ್ರೆ 2. ರಾಜ, ರಾಣಿ, ಗುಲಾಮ ಬಿದ್ರೆ ಮಾಮೂಲಿ ಹಂಗೆ 10. ಎಕ್ಕ ಬಿದ್ರೆ ನಮ್ಮಲ್ಲಿ ನಾಕೇ ಇಲ್ಲ, ಜಿನ್ ಮಾಡೇ ತೀರಬೇಕು. ಕೆಲವರು ಎಕ್ಕ ಬಿದ್ರೆ 1ಕ್ಕೆ ನಾಕ್ ಮಾಡಬಹುದು ಅಂತಾರೆ, ಹಂಗಾಗಿ ಇದನ್ನ ಮೊದ್ಲೇ ಮಾತಾಡ್ಕಂಡು ಕೂತ್ಕಳಿ. ತಿರುಗಿಸಿದ ಎಲೆ ಇಸ್ಪೇಟ್ ಆದ್ರೆ ಆ ಕೈದೆಲ್ಲಾ ಡಬಲ್. ಅಪ್ಪಾಜಿ ಆ ಕೈ ಇಸ್ಪೇಟ್ ಬಿದ್ದಾಗ ಆಡಿದ್ದಿದ್ರೆ ನಿಮಗೆ 25ರ ಜಾಗದಲ್ಲಿ 50 ಬರೋದು.

ಕೈ ಕೈಗೂ ಮಿತಿ ಬದಲಾಗೋದ್ರಿಂದ ಒಂದೇ ಥರ ಆಡೋಕಾಗಲ್ಲ. 3 ಬಿದ್ದಾಗ ನಮ್ ಫ್ರೆಂಡು ದೊಡ್ಡ ಎಲೆ ಹಿಡ್ಕಂಡು ಜಿನ್‌ಗೇ ಕಾಯ್ತಾನೆ, ರಾಜ ಬಿದ್ದಾಗ ಮೊದಲ ಎಸೆತಕ್ಕೇ ದೊಡ್ಡದನ್ನೆಲ್ಲಾ ಬಿಸಾಕ್ತಾನೆ.

ಮೊದಲನೇ ಎಲೆ ಎತ್ಕಳೋ ಕ್ರಮ ಮರೀಬೇಡಿ. ಹಂಚದೇ ಇರೋರಿಗೆ ಮೊದಲ ಹಕ್ಕು. ಅವ್ರು ಬ್ಯಾಡ ಅಂದ್ರೆ ಹಂಚಿದೋರು ಎತ್ಕಬಹುದು. ಇಬ್ರೂ ಬ್ಯಾಡ ಅಂದ್ರೆ ಹಂಚದೇ ಇರೋರು ಮುಚ್ಚಿದ ಕಟ್ಟಿಂದ ಎಳೆದು ಆಟ ಶುರು. ಇನ್ನೊಂದು, ಕೆಳಗಿಂದ ಎತ್ಕಂಡ ಎಲೆನ ಅದೇ ಸರದೀಲಿ ವಾಪಸ್ ಬಿಡೋ ಹಂಗಿಲ್ಲ.

ಕುವೆಂಪುನಗರದ ಮಗಳು:

ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. "ಕಡಿಮೆ ಇದ್ದೀನಿ ಅಂತ ಹೇಳಿಯೇ ಆಟ ನಿಲ್ಲಿಸಿದ್ದು" ಅನ್ನೋ ಮಾತು ಕೇಳಿ ಎರಡನೇ ಸಲ ಓದಿಸಿದ್ರು, ಆಮೇಲೆ ತಾವೇ 20 ಹೊಡೆದು ಹಾಕಿದ್ರು. ಇನ್ನು ಮೇಲೆ ಎರಡಕ್ಕೂ 25 ಅಂತ ಒಪ್ಪಿಕೊಂಡಿದ್ದೀವಿ.

ಇವತ್ತು ಒಂದು ಆಟ ಮುಗೀತು. ಅಪ್ಪ 104, ನಾನು 88. ಅವರು ಗೆದ್ದದ್ದು ನಾಲ್ಕು ಕೈ, ನಾನು ಏಳು. ನಾಲ್ಕರಲ್ಲಿ ಎರಡು ಜಿನ್ ಹೊಡೆದ್ರು, ಅದಕ್ಕೇ ಮುಂದೆ ಹೋದ್ರು. ಗೆದ್ದ ಪ್ರತಿ ಕೈಗೂ ಏನೋ ಪಾಯಿಂಟ್ ಇದೆ ಅಂತ ಆ ಹುಡುಗ ಹೇಳಿದ್ದ. ಅದನ್ನ ಸೇರಿಸಿದ್ರೆ ನಾನೇ ಗೆದ್ದ ಹಾಗೆ ಆಗುತ್ತಾ? ಬೆಳಿಗ್ಗೆ ಹಾಲಿಗೆ ಯಾರು ಹೋಗೋದು ಅನ್ನೋದು ಈಗ ನಿಮ್ಮ ಕೈಲಿದೆ.

ಸರಸ್ವತಿಪುರಂ ನಿವೃತ್ತೆ:

ಅದಕ್ಕೆ ಬಾಕ್ಸ್ ಅಂತಾರೆ ಮಗಳೇ. ಗೆದ್ದ ಒಂದೊಂದು ಕೈಗೂ 20, ಕೆಲವು ಕಡೆ 25. ಅಂಡರ್‌ಕಟ್ ಮಾಡಿ ಗೆದ್ದದ್ದೂ ಒಂದು ಕೈಯೇ. ಆದ್ರೆ ಇದು ಆಟ ಮುಗಿಸೋ 100ರ ಲೆಕ್ಕಕ್ಕೆ ಬರಲ್ಲ. ಆಟ ಮುಗಿದ ಮೇಲೆ ಕೆಳಗೆ ಗೆರೆ ಎಳೆದು ಸೇರಿಸೋದು. ಅದಕ್ಕೇ ಪ್ರತಿ ಕೈ ಮುಗಿದಾಗಲೂ ಗೆದ್ದವರ ಕಡೆ ಬೇರೆ ಸಾಲಿನಲ್ಲೇ ಬರೀಬೇಕು. ಮೊತ್ತ ಹೊಡೆದು ಹೊಡೆದು ತಿದ್ದಿ ಬರೆದ್ರೆ ಕೊನೇಲಿ ಎಷ್ಟು ಕೈ ಅಂತ ಎಣಿಸೋಕಾಗಲ್ಲ.

ನಿನ್ನ ಲೆಕ್ಕ ಹೀಗೆ: 88ಕ್ಕೆ ಏಳು ಬಾಕ್ಸಿನ 140 ಸೇರಿ 228. ಅಪ್ಪನದು 104ಕ್ಕೆ ನಾಲ್ಕು ಬಾಕ್ಸಿನ 80 ಸೇರಿ 184. ಇಷ್ಟಕ್ಕೇ ನಿಂತ್ರೆ ನೀನು 44 ಮುಂದೆ. ಆದ್ರೆ ಮೊದಲು 100 ದಾಟಿದವರಿಗೆ ಆಟದ ಬೋನಸ್ 100 ಇದೆ. ಅಪ್ಪನದು 284 ಆಗುತ್ತೆ. ವ್ಯತ್ಯಾಸ 56, ಗೆಲುವು ಅಪ್ಪನದು. ಬಾಕ್ಸಿಗೆ 25 ಇಟ್ಟಿದ್ರೆ 304ಕ್ಕೆ 263, ವ್ಯತ್ಯಾಸ 41ಕ್ಕೆ ಇಳೀತಿತ್ತು. ಹಾಲಿಗೆ ನೀನೇ ಹೋಗಬೇಕು.

ಆದ್ರೂ ಆ ಏಳು ಕೈ ವ್ಯರ್ಥ ಅಲ್ಲ. ನಿಮ್ಮಿಬ್ಬರ ಒಟ್ಟು ಲೆಕ್ಕ ವಾರಗಟ್ಟಲೆ ನಡೆದ್ರೆ ಬಾಕ್ಸ್ ಇಲ್ಲದಿದ್ರೆ ಬರ್ತಿದ್ದ 116ರ ಬದಲು 56 ಮಾತ್ರ ಅಪ್ಪ ಬರ್ಕೋತಾರೆ, ಮುಂದಿನ ಆಟ ನೀನು ಗೆದ್ದು ಬಾಕ್ಸಿನಲ್ಲೂ ಮುಂದಿದ್ರೆ ಅದಕ್ಕಿಂತ ದೊಡ್ಡ ಮೊತ್ತ ನಿನಗೆ. ಒಂದೊಂದು ಆಟವನ್ನ ಅಲ್ಲಲ್ಲೇ ಮುಗಿಸಿಬಿಡದೆ ಒಟ್ಟು ಮೊತ್ತ ಮುಂದಕ್ಕೆ ತಗೊಂಡು ಹೋಗಿ. ಎದುರಿನವರು ಒಂದು ಕೈಯೂ ಗೆಲ್ಲದೆ ಸೊನ್ನೆಯಲ್ಲೇ ಉಳಿದ್ರೆ ಆ 100 ಬೋನಸ್ 200 ಆಗುತ್ತೆ. ಕೆಲವರು ಇಡೀ ಮೊತ್ತವನ್ನೇ ಡಬಲ್ ಮಾಡ್ತಾರೆ. ನಾವು 200ಕ್ಕೇ ನಿಲ್ಲಿಸ್ತೀವಿ, ಸೊನ್ನೆಯಲ್ಲಿ ಸೋತವರನ್ನ ಇನ್ನೂ ತುಳಿಯೋದು ನನಗೆ ಹಿಡಿಸಲ್ಲ.

ಮಂಡ್ಯದವರು ಹೇಳಿದ ಓಕ್ಲಹೋಮ ಮಿತಿ ನನಗೂ ಇಷ್ಟ. ಇಸ್ಪೇಟ್ ಡಬಲ್ ಮಾತ್ರ ನಮ್ಮ ಮನೇಲಿ ಇಲ್ಲ. ಬಿದ್ದ ಒಂದು ಎಲೆ ಇಬ್ಬರ ಶ್ರಮಕ್ಕಿಂತ ಹೆಚ್ಚು ತೂಗಬಾರದು ಅನ್ನೋದು ನನ್ನ ಅಭಿಪ್ರಾಯ.

ಶ್ರೀರಂಗಪಟ್ಟಣ ಕೋಟೆ ಬೀದಿ:

ಬೋನಸ್ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ, ಅಮ್ಮ ತಪ್ಪು ತಿಳ್ಕೋಬಾರದು. ಹೊಸಬರಿಗೆ ಅಂಡರ್‌ಕಟ್ 10 ಇರೋದೇ ಒಳ್ಳೇದು. ನಮ್ಮಣ್ಣನ ಮಗಳಿಗೆ ಕಲಿಸೋವಾಗ 25 ಇಟ್ಟಿದ್ವಿ. ಎರಡು ಸಲ ಸಿಕ್ಕಿಬಿದ್ದ ಮೇಲೆ ಆ ಮಗು ನಾಕ್ ಮಾಡೋದನ್ನೇ ಬಿಟ್ಟು ಪ್ರತಿ ಕೈಗೂ ಜಿನ್‌ಗೇ ಕಾಯ್ತಾ ಕೂರ್ತಿತ್ತು. 10ಕ್ಕೆ ಇಳಿಸಿದ್ವಿ, ಧೈರ್ಯ ಬಂತು. ಈಗ 25ರಲ್ಲಿ ನನ್ನನ್ನೇ ಸೋಲಿಸ್ತಾಳೆ.

ಒಂದು ಆಟದ ಜಾಗದಲ್ಲಿ ಮೂರು ಆಟ ಒಟ್ಟಿಗೆ ನಡೆಸೋ ಹಾಲಿವುಡ್ ಲೆಕ್ಕವನ್ನ ಯಾರೂ ಹೇಳಿಲ್ಲ, ಅದಕ್ಕೇ ಬರೀತಿದ್ದೀನಿ. ಜಿನ್ ರಮ್ಮಿ ಆಟ 1909ರಲ್ಲಿ ನ್ಯೂಯಾರ್ಕಿನಲ್ಲಿ ಎಲ್‌ವುಡ್ ಬೇಕರ್ ಅನ್ನೋರು ಮಾಡಿದ್ದು ಅಂತ ಸಾಮಾನ್ಯವಾಗಿ ಹೇಳ್ತಾರೆ. ಸಿನಿಮಾದವರ ನಡುವೆ ಹಬ್ಬಿದ್ದು ಆಮೇಲೆ, 1930, 40ರ ದಶಕದಲ್ಲಿ. ಹಾಳೆಯಲ್ಲಿ ಮೂರು ಕಾಲಂ ಹಾಕ್ಕೊಳ್ಳಿ. ನೀವು ಗೆದ್ದ ಮೊದಲ ಕೈಯ ಪಾಯಿಂಟನ್ನ ಒಂದನೇ ಕಾಲಂನಲ್ಲಿ ಮಾತ್ರ ಬರೀಬೇಕು. ಎರಡನೇ ಗೆಲುವನ್ನ ಒಂದು ಮತ್ತು ಎರಡರಲ್ಲಿ. ಮೂರನೇದರಿಂದ ಮುಂದೆ ಮೂರರಲ್ಲೂ. ನೀವು 18, ಆಮೇಲೆ 25, ಆಮೇಲೆ 12 ಗೆದ್ರಿ ಅಂತಿಟ್ಕೊಳ್ಳಿ. ಒಂದನೇ ಕಾಲಂ 55, ಎರಡನೇದು 37, ಮೂರನೇದು 12. ಯಾವ ಕಾಲಂ 100 ದಾಟುತ್ತೋ ಅದು ಮುಗೀತು, ಅದಕ್ಕೆ ಗೆರೆ. ಉಳಿದವು ನಡೀತಾ ಇರ್ತವೆ. ಒಂದೊಂದಕ್ಕೂ ಬಾಕ್ಸು, ಆಟದ ಬೋನಸ್ಸು ಬೇರೆ ಬೇರೆ.

ಇದರಲ್ಲಿ ಸೋಲ್ತಾ ಇರೋರಿಗೂ ಕೊನೇವರೆಗೂ ಆಟದಲ್ಲಿ ಜೀವ ಇರುತ್ತೆ. ಒಂದನೇ ಕಾಲಂ ಕೈಬಿಟ್ಟು ಹೋದ್ರೂ ಮೂರನೇದರಲ್ಲಿ ಇನ್ನೂ ಅರ್ಧ ದಾರಿ ಬಾಕಿ. ಅಪಾಯವೂ ಇದೆ. ಎರಡು ಕೈ ಗೆದ್ದವರಿಗೂ ಮೂರನೇ ಕಾಲಂನಲ್ಲಿ ಇನ್ನೂ ಸೊನ್ನೆಯೇ. ಹಾಗೇ ಆಟ ಮುಗಿದ್ರೆ ಆ ಕಾಲಂಗೆ ಸೊನ್ನೆ ಸೋಲಿನ ಬೋನಸ್ ಬೀಳುತ್ತೆ. ಹಾಗಾಗಿ ಮೂರನೇ ಗೆಲುವು 2 ಪಾಯಿಂಟಿನದಾದ್ರೂ ಸರಿ, ಬೇಗ ನಾಕ್ ಮಾಡಿ ಕಾಲಂ ತೆರ್ಕೊಳ್ಳಬೇಕು. ನಾನೂ ನಮ್ಮಣ್ಣನೂ ಭಾನುವಾರ ಇದನ್ನೇ ಆಡೋದು.

ಸರಸ್ವತಿಪುರಂ ನಿವೃತ್ತೆ:

ಮಗುವಿಗೆ 10 ಇಟ್ಟು ಕಲಿಸಿದ್ದು ಸರಿಯಾಗೇ ಇದೆ. ಕಲಿಯೋವಾಗ ನಾಕ್ ಮಾಡೋ ಅಭ್ಯಾಸ ಬರಬೇಕು, ಒಪ್ಪಿದೆ. ನಾನು ಹೇಳಿದ್ದು ಇಬ್ಬರು ದೊಡ್ಡವರು ದಿನಾ ಆಡೋ ಮನೆಗೆ. ಜಿನ್‌ಗೆ 25 ಇಟ್ಟು ಅಂಡರ್‌ಕಟ್‌ಗೆ 10 ಮಾತ್ರ ಇಡಬೇಡಿ, ಅದೊಂದನ್ನ ಗಟ್ಟಿಯಾಗಿ ಹೇಳ್ತೀನಿ. ಆಗ ತಾಳ್ಮೆಯಿಂದ ಕೈ ಕಾಯ್ದು, ಎಲೆ ಹಿಡಿದು ಉಳಿಸ್ಕೊಂಡವರಿಗೆ ಸಲ್ಲಬೇಕಾದ್ದು ಸಲ್ಲೋದೇ ಇಲ್ಲ.

ಕುವೆಂಪುನಗರದ ಮಗಳು:

ಹಾಲು ತಂದಿದ್ದಾಯ್ತು. ಅಪ್ಪ ಮೂರು ಕಾಲಂ ಗೆರೆ ಹಾಕ್ಕೊಂಡು ಕಾಯ್ತಿದ್ದಾರೆ, ಕೊನೇದಾಗಿ ಎರಡು ಕೇಳಿಬಿಡ್ತೀನಿ. ಇಬ್ಬರೂ ನಾಕ್ ಮಾಡದೆ ಕಟ್ಟು ಖಾಲಿಯಾಗ್ತಾ ಬಂದ್ರೆ ಏನು? ಒಂದು ಸಲ ಅಪ್ಪನಿಗೆ ಎಳೆದ ಎಲೆಯೂ ಸೇರಿ ಹನ್ನೊಂದೂ ಕೂಡಿತ್ತು, ಬಿಡೋಕೆ ಎಲೆಯೇ ಇಲ್ಲ. ಅದಕ್ಕೆ ಹೆಚ್ಚಿಗೆ ಏನಾದ್ರೂ ಉಂಟಾ?

ಮಂಡ್ಯ ಪ್ಯಾಸೆಂಜರ್:

ಹನ್ನೊಂದೂ ಕೂಡಿದ್ರೆ ಅದು ಬಿಗ್ ಜಿನ್, ಎಲೆ ಬಿಡೋ ಹಂಗೇ ಇಲ್ಲ, ಹಂಗೇ ತೋರಿಸಿಬುಡೋದು. ಮಾಮೂಲಿ ಜಿನ್ ಬೋನಸ್ ಬದಲು ಕೆಲವು ಕಡೆ 31, ಕೆಲವು ಕಡೆ 50. ನಮ್ಮಲ್ಲಿ 31. ಎಲ್ಲಾ ಕಡೆ ಇದನ್ನ ಆಡಲ್ಲ, ಅದಕ್ಕೇ ಇದನ್ನೂ ಹಂಚೋಕೆ ಮುಂಚೆ ಮಾತಾಡ್ಕಳಿ. ಬರೋದು ಅಪರೂಪ. ನಮ್ ಫ್ರೆಂಡ್‌ಗೆ ಬಿಡದಿ ದಾಟಿದ ಮೇಲೆ ಒಂದ್ ಸಲ ಬಂದಿತ್ತು, ಪಕ್ಕದ ಸೀಟಿನೋರೆಲ್ಲಾ ಬಗ್ಗಿ ಬಗ್ಗಿ ನೋಡಿದ್ರು.

ಕಟ್ಟಿನಲ್ಲಿ ಎರಡೇ ಎಲೆ ಉಳಿದಾಗ, ಕೊನೇಲಿ ಎಳೆದೋರು ನಾಕ್ ಮಾಡದೆ ಎಲೆ ಬಿಟ್ರೆ ಆ ಕೈ ರದ್ದು. ಯಾರಿಗೂ ಪಾಯಿಂಟ್ ಇಲ್ಲ, ಬಾಕ್ಸೂ ಇಲ್ಲ. ಹಂಚಿದೋರೇ ಕಲೆಸಿ ಇನ್ನೊಂದ್ ಸಲ ಹಂಚೋದು. ಅಂದ್ರೆ ಕೈಲಿ ಕೆಟ್ಟ ಎಲೆ ಇದ್ದೋರು ರದ್ದು ಮಾಡಿಸೋಕೇ ಆಡಬಹುದು. ಕಟ್ಟು ತೆಳ್ಳಗಾದ ಮೇಲೆ ಅಪ್ಪಾಜಿ ಏನು ಬಿಡ್ತಾವ್ರೆ ಅಂತ ನೋಡ್ತಾ ಇರಿ: ನೀವು ಆಗ್ಲೇ ಬೇಡ ಅಂತ ಬಿಟ್ಟಿದ್ದರ ಜೋಡಿ ಎಲೆನೇ ಬಿಡ್ತಾ ಇದ್ರೆ, ಅವ್ರು ಗೆಲ್ಲೋಕಲ್ಲ, ಕೈ ರದ್ದಾಗಲಿ ಅಂತಲೇ ಆಡ್ತಾವ್ರೆ. ಆಗ ನಿಮ್ ಹತ್ರ ಬಿಡಿ ಎಲೆ 8, 9 ಇದ್ರೂ ಧೈರ್ಯವಾಗಿ ನಾಕ್ ಮಾಡಿ.